ಸರ್ಕಾರಿ ಶಾಲೆಯ ಪೇಮೆಂಟ್ ಸೀಟು

ನ್ಯೂಜಿಲೆಂಡ್‌ನ ಸರ್ಕಾರಿ ಪ್ರೌಢಶಾಲೆಯಲ್ಲಿ ಬೋಧನಾ ಶುಲ್ಕವಿಲ್ಲ. ಐದನೇ ಹುಟ್ಟುಹಬ್ಬದಿಂದ ಹಿಡಿದು ಹತ್ತೊಂಬತ್ತು ತುಂಬುವ ವರ್ಷದವರೆಗೆ ಪುಕ್ಕಟೆ ಓದುವ ಹಕ್ಕನ್ನು ಆ ದೇಶದ ಮಕ್ಕಳಿಗೆ ಕಾನೂನೇ ಕೊಟ್ಟಿದೆ. ಹಾಗಿದ್ದೂ ಆಕ್ಲೆಂಡ್‌ನ ದೊಡ್ಡದೊಂದು ಸರ್ಕಾರಿ ಹೈಸ್ಕೂಲಿನ ಗಣಿತದ ಕ್ಲಾಸಿಗೆ ಹೋಗಿ ಕೂತರೆ, ಅದೇ ಯೂನಿಫಾರ್ಮ್ ತೊಟ್ಟು, ಅದೇ ಮೇಷ್ಟ್ರ ಪಾಠ ಕೇಳುತ್ತಿರುವವರಲ್ಲಿ ಮೂರೋ ನಾಲ್ಕೋ ಮಕ್ಕಳು ವರ್ಷಕ್ಕೆ 15ರಿಂದ 20 ಸಾವಿರ ನ್ಯೂಜಿಲೆಂಡ್ ಡಾಲರ್ ಕಟ್ಟಿ ಬಂದವರಾಗಿರುತ್ತಾರೆ. ನಮ್ಮ ರೂಪಾಯಿಯಲ್ಲಿ ಏಳೂವರೆಯಿಂದ ಹತ್ತು ಲಕ್ಷ. ಊಟ, ವಸತಿ, ವಿಮೆ, ವಿಮಾನದ ಟಿಕೆಟ್ಟು ಇದರಲ್ಲಿ ಸೇರಿಲ್ಲ.

ಇವರನ್ನು ಅಲ್ಲಿ ಇಂಟರ್‌ನ್ಯಾಷನಲ್ ವಿದ್ಯಾರ್ಥಿಗಳು ಎನ್ನುತ್ತಾರೆ. ನಮ್ಮ ಕಡೆಯವರಿಗೆ ತಕ್ಷಣ ಅರ್ಥವಾಗಬೇಕಾದರೆ ಪೇಮೆಂಟ್ ಸೀಟಿನವರು ಎಂದರೆ ಸಾಕು. ಕೋವಿಡ್‌ಗೆ ಮುಂಚೆ ಆ ದೇಶದ ಶಾಲೆಗಳಲ್ಲಿ ಇಂಥವರು 20 ಸಾವಿರದ ಆಸುಪಾಸಿನಲ್ಲಿದ್ದರು. ಹೆಚ್ಚಿನವರು ಚೀನಾ, ದಕ್ಷಿಣ ಕೊರಿಯಾ, ಜಪಾನ್, ಥಾಯ್ಲೆಂಡ್‌ನವರು. ಪಟ್ಟಿಯಲ್ಲಿ ಜರ್ಮನಿಯೂ ಇದೆ. ಜರ್ಮನಿಯ ಹುಡುಗರು ಬರುವುದು ಅರ್ಧ ವರ್ಷಕ್ಕೋ ಒಂದು ವರ್ಷಕ್ಕೋ, ಹೊಸ ಊರು ನೋಡಿ, ಇಂಗ್ಲಿಷ್ ತಿದ್ದಿಕೊಂಡು, ಕುರಿ ಕಾದ ಫೋಟೊ ತೆಗೆಸಿಕೊಂಡು ವಾಪಸಾಗಲು. ಚೀನಾದ ಮಗು ಬಂದರೆ ಸಾಮಾನ್ಯವಾಗಿ ಶಾಲೆ ಮುಗಿಸಿ ಅಲ್ಲಿಯದೇ ವಿಶ್ವವಿದ್ಯಾಲಯಕ್ಕೆ ಸೇರುವ ಲೆಕ್ಕದಲ್ಲಿ ಬರುತ್ತದೆ. ತನ್ನ ದೇಶದ ಕಾಲೇಜು ಪ್ರವೇಶ ಪರೀಕ್ಷೆಯ ಗಾಣದಿಂದ ತಪ್ಪಿಸಿಕೊಳ್ಳುವುದೂ ಆ ಲೆಕ್ಕದೊಳಗೇ ಇರುತ್ತದೆ.

ಭಾರತದವರು ಈ ಶಾಲೆಗಳಲ್ಲಿ ಬಲು ಕಡಿಮೆ. ಆ ದೇಶಕ್ಕೆ ಹೋಗುವ ಒಟ್ಟು ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನಾದ ನಂತರ ನಮ್ಮವರೇ ಇದ್ದರೂ, ನಾವು ಹೋಗುವುದು ಡಿಗ್ರಿಗೆ, ಮಾಸ್ಟರ್ಸ್‌ಗೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಶಾಲಾ ಮಟ್ಟದಲ್ಲಿ ನ್ಯೂಜಿಲೆಂಡ್ ಮಾರುತ್ತಿರುವ ಮುಖ್ಯ ಸರಕು ಇಂಗ್ಲಿಷು. ಅದನ್ನು ನಮ್ಮ ಮಧ್ಯಮ ವರ್ಗ ಓಣಿಯ ಕಾನ್ವೆಂಟಿನಲ್ಲೇ ಕೊಂಡುಕೊಂಡಿರುತ್ತದೆ.

ಒಂದು ಸರ್ಕಾರಿ ಶಾಲೆ ಹೀಗೆ ಅಂಗಡಿ ತೆರೆದದ್ದು ಹೇಗೆ? 1950ರ ದಶಕದಲ್ಲಿ ನ್ಯೂಜಿಲೆಂಡ್ ಏಷ್ಯಾದ ವಿದ್ಯಾರ್ಥಿಗಳನ್ನು ಕರೆಸಿಕೊಂಡದ್ದು ಕೊಲಂಬೊ ಯೋಜನೆಯಡಿ, ನೆರವಿನ ಹೆಸರಿನಲ್ಲಿ. ದೆಹಲಿಯ ಏಮ್ಸ್ ಕಟ್ಟಲು ಅದೇ ಯೋಜನೆಯಲ್ಲಿ ಹತ್ತು ಲಕ್ಷ ಪೌಂಡ್ ಕೊಟ್ಟ ದೇಶ ಅದು. ಕುರಿ ಮತ್ತು ಬೆಣ್ಣೆ ಮಾರಿ ಬದುಕುತ್ತಿದ್ದ ಪುಟ್ಟ ದೇಶಕ್ಕೆ ಅದು ಸಣ್ಣ ಮೊತ್ತವಲ್ಲ. 1984ರಲ್ಲಿ ಡೇವಿಡ್ ಲಾಂಗಿ ನೇತೃತ್ವದ ಲೇಬರ್ ಸರ್ಕಾರ ಬಂದಮೇಲೆ ಗಾಳಿ ಬದಲಾಯಿತು. ರೈತರ ಸಬ್ಸಿಡಿ ಹೋಯಿತು, ಸರ್ಕಾರಿ ಇಲಾಖೆಗಳು ಕಂಪನಿಗಳಾದವು. ಶಿಕ್ಷಣದ ಸರದಿ ಬಂದಾಗ ಲಾಂಗಿ ಅವರೇ ಶಿಕ್ಷಣ ಮಂತ್ರಿಯೂ ಆಗಿದ್ದರು. ಉದ್ಯಮಿ ಬ್ರಯಾನ್ ಪೀಕೊ ನೇತೃತ್ವದ ಸಮಿತಿ 1988ರಲ್ಲಿ ವರದಿ ಕೊಟ್ಟಿತು. ‘ಟುಮಾರೋಸ್ ಸ್ಕೂಲ್ಸ್’ ಎಂಬ ಹೆಸರಿನ ಸುಧಾರಣೆ 1989ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಜಿಲ್ಲಾ ಮಟ್ಟದ ಶಿಕ್ಷಣ ಮಂಡಳಿಗಳು ಮುಚ್ಚಿದವು. ಒಂದೊಂದು ಶಾಲೆಯೂ ತನ್ನದೇ ಆಡಳಿತ ಮಂಡಳಿಯ ಕೈಗೆ ಬಂತು. ಪೋಷಕರು ಓಟು ಹಾಕಿ ಆರಿಸಿದವರು, ಮುಖ್ಯೋಪಾಧ್ಯಾಯರು, ಸಿಬ್ಬಂದಿಯ ಒಬ್ಬ ಪ್ರತಿನಿಧಿ, ಹೈಸ್ಕೂಲಾದರೆ ಮಕ್ಕಳ ಕಡೆಯಿಂದಲೂ ಒಬ್ಬರು. ನಮ್ಮ ಎಸ್‌ಡಿಎಂಸಿಗೆ ಮೇಷ್ಟ್ರನ್ನು ನೇಮಿಸುವ, ಬಜೆಟ್ ಮಾಡುವ ಅಧಿಕಾರ ಕೊಟ್ಟರೆ ಹೇಗಿರುತ್ತದೋ ಹಾಗೆ.

ಆ ಕಾಲದಲ್ಲೇ, 1989ರ ಶಿಕ್ಷಣ ಕಾಯ್ದೆ ಮತ್ತು ಅದರ ಬೆನ್ನಿಗೆ ಬಂದ ತಿದ್ದುಪಡಿಗಳಿಂದ, ಪೂರ್ತಿ ಶುಲ್ಕ ಪಡೆದು ವಿದೇಶಿ ಮಕ್ಕಳನ್ನು ಸೇರಿಸಿಕೊಳ್ಳುವ ದಾರಿಯೂ ತೆರೆಯಿತು. ಶಾಲೆಗಳಿಗೆ ಸ್ವಾತಂತ್ರ್ಯವೂ ಸಿಕ್ಕಿತ್ತು, ಕೈ ಬಿಗಿಯಾದ ಅನುದಾನವೂ ಸಿಕ್ಕಿತ್ತು. ಎರಡೂ ಒಟ್ಟಿಗೆ ಸಿಕ್ಕಿದವನು ಏನು ಮಾಡುತ್ತಾನೋ ಅದನ್ನೇ ಅವು ಮಾಡಿದವು. ಹಾಂಕಾಂಗ್‌ಗೆ, ಸೋಲ್‌ಗೆ, ಶಾಂಘೈಗೆ ಮುಖ್ಯೋಪಾಧ್ಯಾಯರುಗಳು ಬ್ರೋಷರ್ ಹಿಡಿದು ಹೊರಟರು.

ಕಾಕತಾಳೀಯ ಎನ್ನಿ, ಅದೇ 1989ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕಕ್ಕೆ ಒಂದು ಅಧಿಸೂಚನೆ ಹೊರಡಿಸಿತ್ತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25 ಸಾವಿರದವರೆಗೆ, ಹೊರರಾಜ್ಯದವರಾದರೆ 60 ಸಾವಿರದವರೆಗೆ. ತುಮಕೂರಿನ ಕಾಲೇಜಿನ ಸೀಟಿನ ಬಗ್ಗೆ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅದೇ 1992ರ ಮೋಹಿನಿ ಜೈನ್ ಪ್ರಕರಣ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು. ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂಬ ಏರ್ಪಾಡು ಹುಟ್ಟಿದ್ದು ಅಲ್ಲಿಂದ. ತೊಂಬತ್ತರ ದಶಕದಲ್ಲಿ ಸಿಇಟಿ ಕೌನ್ಸೆಲಿಂಗ್‌ಗೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ ಕ್ಯೂ ನಿಂತ ಅಪ್ಪಂದಿರಿಗೆ ಈ ಎರಡು ಮಾತು ಈಗಲೂ ಕಿವಿಯಲ್ಲಿ ಗುಂಯ್‌ಗುಡುತ್ತಿರುತ್ತವೆ. ಮುಂದೆ 2002ರಲ್ಲಿ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಏರ್ಪಾಡನ್ನು ಕಿತ್ತುಹಾಕಿತು. ಆಗ ಕೋರ್ಟು ಗಮನಿಸಿದ ಒಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಫ್ರೀ ಸೀಟು ಗಿಟ್ಟಿಸುತ್ತಿದ್ದವರಲ್ಲಿ ಒಳ್ಳೆಯ ಶಾಲೆಯಲ್ಲಿ ಓದಿದ ಸ್ಥಿತಿವಂತರ ಮಕ್ಕಳೇ ಹೆಚ್ಚಿದ್ದರು. ಅವರ ಓದಿನ ಖರ್ಚು ಅವರಷ್ಟು ಅನುಕೂಲವಿಲ್ಲದವರ ಹೆಗಲಿಗೆ ಬೀಳುತ್ತಿತ್ತು. ಒಬ್ಬರಿಂದ ಹೆಚ್ಚು ಕಿತ್ತು ಇನ್ನೊಬ್ಬರಿಗೆ ಕಡಿಮೆ ಮಾಡುವ ಯಾವುದೇ ಏರ್ಪಾಡನ್ನು ಕಂಡರೂ ನಾನು ಮೊದಲು ಕೇಳುವುದು ಇದನ್ನೇ: ಇದರಲ್ಲಿ ಕೊನೆಗೆ ಯಾರ ಬಿಲ್ಲು ಯಾರು ಕಟ್ಟುತ್ತಿದ್ದಾರೆ?

ನ್ಯೂಜಿಲೆಂಡ್‌ನ ಲೆಕ್ಕವನ್ನು ಬಿಡಿಸಿ ನೋಡೋಣ. ಅಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಸಂಬಳ ಬರುವುದು ಸರ್ಕಾರದಿಂದ ನೇರವಾಗಿ. ಎಷ್ಟು ಮಕ್ಕಳಿದ್ದಾರೆ ಎಂಬುದರ ಮೇಲೆ ಎಷ್ಟು ಹುದ್ದೆ ಎಂಬುದು ನಿಗದಿ. ಕರೆಂಟು, ರಿಪೇರಿ, ಕ್ಲರ್ಕು, ಕಂಪ್ಯೂಟರಿಗೆಲ್ಲ ಬೇರೆಯೇ ಒಂದು ನಿರ್ವಹಣಾ ಅನುದಾನ. ವಿದೇಶಿ ಮಗು ಈ ಎರಡು ಲೆಕ್ಕಕ್ಕೂ ಬರುವುದಿಲ್ಲ. ಅದು ತನ್ನ ಖರ್ಚನ್ನು ತಾನೇ ಹೊರಬೇಕು. ಬೋಧನೆಯ ವೆಚ್ಚ, ಕಟ್ಟಡ ಬಳಸಿದ್ದಕ್ಕೆ ಒಂದು ಪಾಲು, ಸರ್ಕಾರದ ತೆರಿಗೆ ಇಷ್ಟನ್ನೂ ಮುಟ್ಟುವಂತೆ ಶುಲ್ಕ ಇರಬೇಕೆಂದು ಕಾನೂನಿದೆ. ಅದಕ್ಕಿಂತ ಕಡಿಮೆ ಪಡೆಯುವಂತಿಲ್ಲ. ಇನ್ನೊಂದು ಒಳ್ಳೆಯ ಷರತ್ತೂ ಇದೆ: ಸ್ಥಳೀಯ ಮಗುವಿಗೆ ಸಿಗಬೇಕಾದ ಜಾಗವನ್ನು ವಿದೇಶಿ ಮಗುವಿಗೆ ಕೊಡುವಂತಿಲ್ಲ. ನಮ್ಮ ಎನ್‌ಆರ್‌ಐ ಕೋಟಾದಂತೆ ಇರುವ ಸೀಟಿನಲ್ಲೇ ಪಾಲು ಎತ್ತಿಡುವ ಪದ್ಧತಿ ಅಲ್ಲ ಇದು.

ಆದರೆ ಒಂದು ತರಗತಿಯಲ್ಲಿ ಇಪ್ಪತ್ತೈದು ಮಕ್ಕಳಿರುವಲ್ಲಿ ಇಪ್ಪತ್ತೇಳು ಮಂದಿ ಕೂತರೆ ಮೇಷ್ಟ್ರ ಸಂಬಳವೇನೂ ಹೆಚ್ಚಾಗುವುದಿಲ್ಲ. ಲಾಭ ಇರುವುದು ಅಲ್ಲೇ. ಒಂದು ಶಾಲೆಯಲ್ಲಿ 60 ವಿದೇಶಿ ಮಕ್ಕಳು, ತಲಾ 17 ಸಾವಿರ ಡಾಲರ್ ಎಂದಿಟ್ಟುಕೊಳ್ಳಿ. ಹತ್ತು ಲಕ್ಷ ಇಪ್ಪತ್ತು ಸಾವಿರ ಡಾಲರ್ ಆಯಿತು. ಮಗುವನ್ನು ಹುಡುಕಿಕೊಟ್ಟ ಏಜೆಂಟಿಗೆ ಕಮಿಷನ್ ಹೋಗುತ್ತದೆ, ಶುಲ್ಕದ ಶೇ 15ರ ಆಸುಪಾಸು. ವಿದೇಶಿ ವಿಭಾಗಕ್ಕೊಬ್ಬ ನಿರ್ದೇಶಕರು, ಮಕ್ಕಳ ವಸತಿ ನೋಡಿಕೊಳ್ಳಲು ಒಬ್ಬರು, ಇಂಗ್ಲಿಷ್ ಪರಭಾಷೆಯಾದವರಿಗೆ ಪಾಠ ಹೇಳಲು ಇಬ್ಬರೋ ಮೂವರೋ ವಿಶೇಷ ಶಿಕ್ಷಕರು, ಊರೂರು ಸುತ್ತುವ ಖರ್ಚು. ಇದೆಲ್ಲ ಕಳೆದರೂ ನಾಲ್ಕೈದು ಮೇಷ್ಟ್ರ ಸಂಬಳದಷ್ಟು ಉಳಿಯುತ್ತದೆ. ಆ ಹಣದಲ್ಲಿ ಸರ್ಕಾರ ಮಂಜೂರು ಮಾಡದ ಹುದ್ದೆಗಳನ್ನು ಶಾಲೆ ತಾನೇ ತುಂಬಿಕೊಳ್ಳುತ್ತದೆ. ಹನ್ನೊಂದೇ ಮಂದಿ ಆರಿಸಿಕೊಂಡ ಫ್ರೆಂಚ್ ತರಗತಿ ನಡೆಯುವುದು ಹಾಗೆ. ಕಲಿಕೆಯಲ್ಲಿ ಹಿಂದುಳಿದ ಸ್ಥಳೀಯ ಮಗುವಿನ ಪಕ್ಕ ಕೂತು ಸಹಾಯ ಮಾಡುವ ಸಿಬ್ಬಂದಿ, ವಾದ್ಯವೃಂದದ ಅರೆಕಾಲಿಕ ಮೇಷ್ಟ್ರು, ಹಾಕಿ ಆಡಲು ಹಾಸಿದ ಕೃತಕ ಹುಲ್ಲು ಎಲ್ಲಕ್ಕೂ ಹಿಂದೆ ಎಲ್ಲೋ ಒಬ್ಬ ಗುವಾಂಗ್‌ಝೌ ವ್ಯಾಪಾರಿಯ ಚೆಕ್ಕು ಇರುತ್ತದೆ. ಪಕ್ಕದಲ್ಲಿ ಕೂತ ಆಕ್ಲೆಂಡ್‌ನ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಅವನ ಅಪ್ಪನಿಗೂ ಗೊತ್ತಿರುವುದು ಅನುಮಾನ.

ಇಲ್ಲಿಯವರೆಗೆ ಯಾರಿಗೂ ನಷ್ಟವಿಲ್ಲವಲ್ಲ ಎನ್ನಿಸಬಹುದು. ಹಣ ಕೊಡುವವನು ಬಡವನಲ್ಲ, ಪಡೆಯುವ ಶಾಲೆ ಲಾಭಕೋರ ಸಂಸ್ಥೆಯಲ್ಲ. ತೊಡಕು ಇರುವುದು ಈ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂಬುದರಲ್ಲಿ.

1995ರಿಂದ 2022ರವರೆಗೆ ಆ ದೇಶದಲ್ಲಿ ಶಾಲೆಗಳಿಗೆ ಒಂದರಿಂದ ಹತ್ತರವರೆಗೆ ‘ಡೆಸೈಲ್’ ಎಂಬ ಅಂಕಿ ಇರುತ್ತಿತ್ತು. ಮಕ್ಕಳು ಬರುವ ಬಡಾವಣೆಗಳ ಆರ್ಥಿಕ ಸ್ಥಿತಿ ನೋಡಿ ಕೊಟ್ಟ ಅಂಕಿ. ಒಂದು ಎಂದರೆ ಕಡುಬಡವರ ಪ್ರದೇಶ, ಹತ್ತು ಎಂದರೆ ಶ್ರೀಮಂತರದ್ದು. ಬಡ ಶಾಲೆಗೆ ಹೆಚ್ಚು ಅನುದಾನ ಕೊಡಲು ಮಾಡಿದ ಲೆಕ್ಕ ಇದು. ಜನ ಅದನ್ನು ಶಾಲೆಯ ಗುಣಮಟ್ಟದ ಅಂಕ ಎಂದು ಓದಿಕೊಂಡರು. ಸೋಲ್‌ನಲ್ಲಿ ಕೂತ ಏಜೆಂಟೂ ಹಾಗೇ ಓದಿಕೊಂಡ. ಆಕ್ಲೆಂಡ್‌ನ ನಾರ್ತ್ ಶೋರ್‌ನಲ್ಲಿರುವ, ಮೂರು ಸಾವಿರಕ್ಕೂ ಮೇಲೆ ಮಕ್ಕಳಿರುವ ರಂಗಿಟೋಟೊ ಕಾಲೇಜು ದೇಶದಲ್ಲೇ ದೊಡ್ಡ ಶಾಲೆ. ಅಂಥ ಕಡೆ ವಿದೇಶಿ ಮಕ್ಕಳಿಗೆ ಪ್ರತ್ಯೇಕ ಕಚೇರಿಯೇ ಇರುತ್ತದೆ. ಆಕ್ಲೆಂಡ್‌ನದೇ ಎಪ್ಸಮ್ ಬಡಾವಣೆಯಲ್ಲಿ ಎರಡು ಹೆಸರಾಂತ ಸರ್ಕಾರಿ ಶಾಲೆಗಳ ವ್ಯಾಪ್ತಿಯೊಳಗೆ ಬಿದ್ದ ಬೀದಿಯ ಮನೆಗೆ ಬೇರೆಯದೇ ರೇಟು. ಅದೇ ನಗರದ ದಕ್ಷಿಣಕ್ಕೆ ಬನ್ನಿ. ಒಟಾರ, ಮಾಂಗರೆ. ಮೂಲನಿವಾಸಿ ಮಾವೊರಿಗಳ, ಸಮೋವ ಮತ್ತು ಟೋಂಗಾ ದ್ವೀಪಗಳಿಂದ ಬಂದವರ ಮಕ್ಕಳು ಓದುವ ಶಾಲೆಗಳು. ಏಜೆಂಟರ ಬ್ರೋಷರಿನಲ್ಲಿ ಈ ಹೆಸರುಗಳು ಅಪರೂಪ.

ಮಾಂಗರೆ ಡೇವಿಡ್ ಲಾಂಗಿ ಅವರ ಮತಕ್ಷೇತ್ರವಾಗಿತ್ತು. ಶಾಲೆಗಳಿಗೆ ಸ್ವಾತಂತ್ರ್ಯ ಕೊಟ್ಟ ಪ್ರಧಾನಿಯ ಕ್ಷೇತ್ರದ ಮಕ್ಕಳಿಗೆ ಆ ಸ್ವಾತಂತ್ರ್ಯದ ಈ ಫಲ ಮಾತ್ರ ದಕ್ಕಲಿಲ್ಲ. ಸರ್ಕಾರ ಬಡ ಶಾಲೆಗೆ ಹೆಚ್ಚು ಅನುದಾನ ಕೊಟ್ಟು ಸರಿದೂಗಿಸಲು ನೋಡಿದ್ದನ್ನು ಇತ್ತ ಸಿರಿವಂತ ಬಡಾವಣೆಯ ಶಾಲೆ ವಿದೇಶಿ ಶುಲ್ಕದಿಂದ ಮತ್ತೆ ಓರೆ ಮಾಡಿತು. ಪೋಷಕರು ಸ್ವಇಚ್ಛೆಯಿಂದ ಕೊಡುವ ಡೊನೇಷನ್ನೂ ಅಲ್ಲೇ ಹೆಚ್ಚು. (ಅಲ್ಲಿಯ ಡೊನೇಷನ್ ನಿಜಕ್ಕೂ ಸ್ವಇಚ್ಛೆಯದು, ಕೊಡದಿದ್ದರೆ ಸೀಟು ನಿರಾಕರಿಸುವಂತಿಲ್ಲ. ನಮ್ಮವರು ಹೋದ ಹೊಸತರಲ್ಲಿ ಇದನ್ನು ನಂಬುವುದಿಲ್ಲ.) 2023ರಲ್ಲಿ ಡೆಸೈಲ್ ಹೋಗಿ, ಮಕ್ಕಳ ಕುಟುಂಬದ ಸ್ಥಿತಿಯನ್ನು ಇನ್ನಷ್ಟು ಸೂಕ್ಷ್ಮವಾಗಿ ಅಳೆಯುವ ಬೇರೊಂದು ಸೂಚ್ಯಂಕ ಬಂತು. ಬಡಾವಣೆಗಳೇನೂ ಬದಲಾಗಿಲ್ಲ.

ಇನ್ನು ಆ ಮಗುವಿನ ಕಡೆಗೆ ಬರೋಣ. ವಿಶ್ವವಿದ್ಯಾಲಯಕ್ಕೆ ಹೋಗುವ ಇಪ್ಪತ್ತೆರಡರ ಯುವಕನಿಗೂ ಹದಿನಾಲ್ಕರ ಹುಡುಗಿಗೂ ಅಜಗಜಾಂತರ. ಮಗು ತೀರಾ ಚಿಕ್ಕದಾದರೆ ತಾಯಿಯೋ ತಂದೆಯೋ ಜೊತೆಗಿರಬೇಕು. ಅದಕ್ಕೆಂದೇ ಗಾರ್ಡಿಯನ್ ವೀಸಾ ಇದೆ. ಕೊರಿಯಾದಲ್ಲಿ ಇದರಿಂದ ಒಂದು ಹೊಸ ಬಗೆಯ ಸಂಸಾರವೇ ಹುಟ್ಟಿಕೊಂಡಿತು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲಿಷ್ ದೇಶಕ್ಕೆ ಹೋಗುವುದು, ಅಪ್ಪ ಸೋಲ್‌ನಲ್ಲಿ ಒಬ್ಬನೇ ದುಡಿಯುತ್ತಾ ಹಣ ಕಳಿಸುವುದು, ವರ್ಷಕ್ಕೊಮ್ಮೆ ಹಾರಿ ಬಂದು ನೋಡಿ ಹೋಗುವುದು. ಇವರನ್ನು ಅಲ್ಲಿ ‘ಹೆಬ್ಬಾತು ಅಪ್ಪ’ಂದಿರು ಎನ್ನುತ್ತಾರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಈ ಅಪ್ಪ ಹೊಸಬನಲ್ಲ. ನಮ್ಮಲ್ಲಿ ಹಾರಿಹೋದವನು ಅಪ್ಪ, ಊರಲ್ಲಿ ಉಳಿದವರು ತಾಯಿ ಮಕ್ಕಳು, ಅಷ್ಟೇ ವ್ಯತ್ಯಾಸ.

ಸ್ವಲ್ಪ ದೊಡ್ಡ ಮಕ್ಕಳು ಒಂಟಿಯಾಗಿ ಬಂದು ಹೋಮ್‌ಸ್ಟೇಯಲ್ಲಿರುತ್ತಾರೆ. ನಮ್ಮ ಚಿಕ್ಕಮಗಳೂರಿನ ಹೋಮ್‌ಸ್ಟೇ ಅಲ್ಲ. ಶಾಲೆಯ ಆಸುಪಾಸಿನ ಯಾವುದೋ ಕುಟುಂಬ ತನ್ನ ಮನೆಯ ಒಂದು ಕೋಣೆ ಕೊಟ್ಟು, ಊಟ ಹಾಕಿ, ವಾರಕ್ಕೆ 300 ಡಾಲರ್‌ಗೂ ಮೇಲೆ ಪಡೆಯುವ ಏರ್ಪಾಡು. ಅರ್ಜಿ ಫಾರ್ಮಿನಲ್ಲಿ ಕೇಳುತ್ತಾರೆ: ನಾಯಿ ಬೆಕ್ಕು ಆಗುತ್ತದೆಯೇ? ಏನು ತಿನ್ನುವುದಿಲ್ಲ? ಚಿಕ್ಕ ಮಕ್ಕಳಿರುವ ಮನೆ ಪರವಾಗಿಲ್ಲವೇ? ಫಾರ್ಮಿನಲ್ಲಿ ಬರದ ಸಂಗತಿಗಳು ಮನೆಗೆ ಹೋದಮೇಲೆ ತಿಳಿಯುತ್ತವೆ. ಜೂನ್ ಜುಲೈ ಅಲ್ಲಿ ಚಳಿಗಾಲ. ಹಳೆಯ ಮರದ ಮನೆಗಳಲ್ಲಿ ಹೀಟರ್ ಇರುವುದು ಹಜಾರಕ್ಕೆ ಮಾತ್ರ, ಮಲಗುವ ಕೋಣೆಯಲ್ಲಿ ಉಸಿರು ಹೊಗೆಯಾಗಿ ಕಾಣುತ್ತದೆ. ಬಿಸಿನೀರಿನ ಟ್ಯಾಂಕು ಚಿಕ್ಕದು, ಸ್ನಾನ ಐದು ಹತ್ತು ನಿಮಿಷದಲ್ಲಿ ಮುಗಿಯಬೇಕು ಎಂದು ಬಚ್ಚಲ ಬಾಗಿಲಿಗೆ ಚೀಟಿ. ರಾತ್ರಿ ಊಟ ಸಂಜೆ ಆರಕ್ಕೇ ಮುಗಿಯುತ್ತದೆ. ಬೆಳಗ್ಗೆ ಡಬ್ಬಿಗೆ ಬ್ರೆಡ್ಡು, ಒಂದು ಸೇಬು. ಬಿಸಿ ಅನ್ನ ಉಂಡು ಬೆಳೆದ ಮಗುವಿಗೆ ಮೊದಲ ತಿಂಗಳು ಇಂಗ್ಲಿಷಿಗಿಂತ ಕಷ್ಟವಾಗುವುದು ಈ ಡಬ್ಬಿ. ಇದರಲ್ಲಿ ಆ ಮನೆಯವರ ತಪ್ಪೇನೂ ಇಲ್ಲ. ಅವರು ತಮ್ಮ ಮಕ್ಕಳಿಗೆ ಕೊಡುವುದನ್ನೇ ಕೊಟ್ಟಿರುತ್ತಾರೆ.

ಎಲ್ಲ ಮನೆಯೂ ಒಳ್ಳೆಯದಿರುವುದಿಲ್ಲ ಎಂಬುದು ಸರ್ಕಾರಕ್ಕೆ ಬೇಗ ತಿಳಿಯಿತು. 2002ರ ಹೊತ್ತಿಗೆ ಚೀನಾದಿಂದ ಬರುವವರ ಸಂಖ್ಯೆ ಒಮ್ಮೆಲೇ ಉಬ್ಬಿದಾಗ, ವಿದೇಶಿ ವಿದ್ಯಾರ್ಥಿಗಳ ಯೋಗಕ್ಷೇಮಕ್ಕೆಂದು ಒಂದು ನೀತಿಸಂಹಿತೆ ಬಂತು. ಅದಕ್ಕೆ ಸಹಿ ಹಾಕದ ಶಾಲೆ ವಿದೇಶಿ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ. ಹೋಮ್‌ಸ್ಟೇಯಲ್ಲಿ ನಾಲ್ಕಕ್ಕಿಂತ ಹೆಚ್ಚು ವಿದೇಶಿ ವಿದ್ಯಾರ್ಥಿಗಳಿರುವಂತಿಲ್ಲ. ಮನೆಯ ವಯಸ್ಕರ ಪೊಲೀಸ್ ತಪಾಸಣೆ ಆಗಬೇಕು. ಶಾಲೆಯವರು ಆಗಾಗ ಮನೆಗೆ ಹೋಗಿ ನೋಡಬೇಕು, ಮಗುವನ್ನು ಬೇರೆಯಾಗಿ ಕೂರಿಸಿ ಮಾತಾಡಿಸಬೇಕು. ತುರ್ತಿಗೆ ಹಗಲು ರಾತ್ರಿ ಒಂದು ಫೋನ್ ನಂಬರ್ ಇರಬೇಕು. ಈ ಸಂಹಿತೆ ಹಲವು ಸಲ ಪರಿಷ್ಕಾರಗೊಂಡು, ಈಗಿನ ರೂಪ 2022ರ ಜನವರಿಯಿಂದ ಜಾರಿಯಲ್ಲಿದೆ. 2003ರಿಂದ ಶುಲ್ಕದ ಒಂದು ಚಿಕ್ಕ ಪಾಲನ್ನು ಶಾಲೆಗಳು ಸರ್ಕಾರಕ್ಕೆ ಕಟ್ಟುವ ಕ್ರಮವೂ ಬಂತು. ಆ ಕಾಲದಲ್ಲಿ ಎರಡು ದೊಡ್ಡ ಖಾಸಗಿ ತರಬೇತಿ ಸಂಸ್ಥೆಗಳು ದಿಢೀರನೆ ಬಾಗಿಲು ಮುಚ್ಚಿ ವಿದೇಶಿ ವಿದ್ಯಾರ್ಥಿಗಳು ಬೀದಿಗೆ ಬಿದ್ದಾಗ ಹೀಗೆ ಕೂಡಿಟ್ಟ ಹಣ ಎಷ್ಟು ಅಗತ್ಯ ಎಂಬುದು ಎಲ್ಲರಿಗೂ ಕಂಡಿತು. ಕಾಗದದ ಮೇಲೆ ಇದು ಗಟ್ಟಿ ಕಾನೂನು. ನನಗಿರುವ ಅಳುಕು ಒಂದೇ. ಮಗುವಿನ ಮನೆ ಸರಿಯಿಲ್ಲ, ಮಗು ಕುಗ್ಗುತ್ತಿದೆ, ಊರಿಗೆ ಕಳಿಸುವುದೇ ಮೇಲು ಎಂದು ಹೇಳಬೇಕಾದವರೂ ಶಾಲೆಯವರೇ, ಹಾಗೆ ಹೇಳಿದರೆ 17 ಸಾವಿರ ಡಾಲರ್ ಕಳೆದುಕೊಳ್ಳುವವರೂ ಅವರೇ.

ಈ ಹಣದ ನಂಬಿಕೆ ಎಷ್ಟು ಎಂಬುದು ಮೂರು ಸಲ ಗೊತ್ತಾಯಿತು. 2003ರಲ್ಲಿ ಸಾರ್ಸ್ ಬಂದ ನಂತರ ಚೀನಾದ ಮಕ್ಕಳ ಸಂಖ್ಯೆ ಇಳಿಯಿತು. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪವಾಗಿ 185 ಮಂದಿ ಸತ್ತರು. ಕುಸಿದ ಒಂದೇ ಕಟ್ಟಡದಲ್ಲಿ 115 ಜನ, ಅವರಲ್ಲಿ ಇಂಗ್ಲಿಷ್ ಕಲಿಯಲು ಬಂದಿದ್ದ ಜಪಾನ್, ಚೀನಾದ ಎಳೆಯರು ಬಹಳ. ಆ ನಗರದ ಶಾಲೆಗಳಿಗೆ ಹೊರಗಿನ ಮಕ್ಕಳು ಬರುವುದು ವರ್ಷಗಟ್ಟಲೆ ಕುಂಟಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. 2020ರ ಮಾರ್ಚ್ 19ರಂದು ನ್ಯೂಜಿಲೆಂಡ್ ತನ್ನ ಗಡಿ ಮುಚ್ಚಿತು. ಪೂರ್ತಿ ತೆರೆದದ್ದು 2022ರ ಜುಲೈ 31ಕ್ಕೆ. ಒಳಗಿದ್ದ ಮಕ್ಕಳು ಓದು ಮುಗಿಸಿ ಹೋಗುತ್ತಾ ಬಂದರು, ಹೊಸಬರು ಬರಲಿಲ್ಲ. ಹಳ್ಳದ ನೀರು ಬತ್ತಿದ ಹಾಗೆ ಟರ್ಮಿನಿಂದ ಟರ್ಮಿಗೆ ಆದಾಯ ಇಳಿಯಿತು. ಮೊದಲು ಹೋದದ್ದು ವಿದೇಶಿ ವಿಭಾಗದ ಸಿಬ್ಬಂದಿ, ಆಮೇಲೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ವಿಶೇಷ ಶಿಕ್ಷಕರು, ಅಲ್ಲಿಂದಾಚೆ ಸ್ಥಳೀಯ ಮಕ್ಕಳೇ ಓದುತ್ತಿದ್ದ ಆ ಹನ್ನೊಂದು ಮಂದಿಯ ಫ್ರೆಂಚಿನಂಥ ತರಗತಿಗಳು. ಸರ್ಕಾರ 2020ರಲ್ಲಿ ವಿದೇಶಿ ಶಿಕ್ಷಣ ಕ್ಷೇತ್ರಕ್ಕೆ ಪರಿಹಾರ ಘೋಷಿಸಿದಾಗ 2 ಕೋಟಿ ಡಾಲರನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಎತ್ತಿಟ್ಟಿತು. ಪರಿಹಾರ ಸಿಗುವುದು ನಷ್ಟವಾದವರಿಗೆ. ನಷ್ಟವಾಗಲು ಮೊದಲು ಆದಾಯ ಇರಬೇಕಲ್ಲ? ಮಾಂಗರೆಯ ಶಾಲೆಗೆ ಇಲ್ಲೂ ಹೆಚ್ಚೇನೂ ಇರಲಿಲ್ಲ.

ನ್ಯೂಜಿಲೆಂಡ್‌ಗೆ ವಲಸೆ ಹೋಗುವ ಕನ್ನಡಿಗರಿಗೆ ಈ ಶುಲ್ಕದ ಬಿಸಿ ತಟ್ಟುವುದು ಇನ್ನೊಂದು ಬಾಗಿಲಿನಿಂದ. ರಾಜಾಜಿನಗರದ ಎರಡು ಸಂಸಾರ ಒಂದೇ ತಿಂಗಳು ಆಕ್ಲೆಂಡ್‌ಗೆ ಹೋಗಿ ಇಳಿದವು ಎಂದುಕೊಳ್ಳಿ. ಒಂದರಲ್ಲಿ ಯಜಮಾನರಿಗೆ ಕೆಲಸದ ವೀಸಾ, ಸಂಬಳ ಸರ್ಕಾರ ಹೇಳಿದ ಮಿತಿಗಿಂತ ಮೇಲಿದೆ. ಇನ್ನೊಂದರಲ್ಲಿ ತಾಯಿ ಒಂದು ವರ್ಷದ ಡಿಪ್ಲೊಮಾ ಓದಲು ಹೋಗಿದ್ದಾರೆ. ಎರಡೂ ಮಕ್ಕಳು ಒಂಬತ್ತನೇ ಇಯರ್‌ಗೆ, ಅದೇ ಶಾಲೆಗೆ. ಮೊದಲ ವಾರದ ಕೊನೆಗೆ ಫೋನಿನಲ್ಲಿ ಮಾತು:

‘ಅಕ್ಕಾ, ನಿಮ್ಮ ಹುಡುಗಿಗೆ ಎಷ್ಟು ಕಟ್ಟಿದ್ರಿ?’

‘ಏನಿಲ್ಲ ಕಣೇ, ಯೂನಿಫಾರ್ಮಿಗೆ ಒಂದಿಷ್ಟು ಆಯ್ತು, ಲ್ಯಾಪ್‌ಟಾಪು ತಗೊಂಡ್ವಿ, ಅಷ್ಟೇ.’

‘ಮತ್ತೆ ನಮಗೆ ಹದಿನೇಳು ಸಾವಿರ ಅಂತಿದಾರಲ್ಲಕ್ಕಾ!’

ಕೆಲಸದ ವೀಸಾದವರ ಮಗು ಶಾಲೆಯ ದಾಖಲೆಯಲ್ಲಿ ‘ಡೊಮೆಸ್ಟಿಕ್’, ಡಿಪ್ಲೊಮಾ ಓದುವವರ ಮಗು ‘ಇಂಟರ್‌ನ್ಯಾಷನಲ್’. ಅದೇ ತಾಯಿ ಪಿಎಚ್‌ಡಿ ಮಾಡಲು ಬಂದಿದ್ದರೆ ಮಗು ಡೊಮೆಸ್ಟಿಕ್ ಆಗುತ್ತಿತ್ತು. ಶಾಲೆಯ ಕಚೇರಿಯಲ್ಲಿ ಕೂತವರು ಮಗುವಿನ ಮುಖ ನೋಡುವ ಮೊದಲು ವೀಸಾ ನೋಡುತ್ತಾರೆ, ಅವರು ನೋಡಲೇಬೇಕು. ಇಲ್ಲಿಂದ ಹೊರಡುವ ಮುಂಚೆ ಕನ್ಸಲ್ಟೆನ್ಸಿಯವರು ತಾಯಿಯ ಕೋರ್ಸಿನ ಫೀಸನ್ನು ಮೂರು ಸಲ ಹೇಳಿರುತ್ತಾರೆ, ಮಗುವಿನ ಶಾಲೆಯ ವಿಚಾರ ‘ಅದೆಲ್ಲ ಅಲ್ಲಿ ಫ್ರೀ ಸರ್’ ಎಂಬ ಒಂದು ಮಾತಿನಲ್ಲಿ ಮುಗಿದಿರುತ್ತದೆ. ಹೋಗುವವರು ಶಾಲೆಗೇ ನೇರವಾಗಿ ಇ-ಮೇಲ್ ಬರೆದು, ಈ ವೀಸಾದಲ್ಲಿ ನಮ್ಮ ಮಗು ಯಾವ ಲೆಕ್ಕ ಎಂದು ಕೇಳಿ, ಉತ್ತರವನ್ನು ಇಟ್ಟುಕೊಳ್ಳುವುದು ಒಳಿತು. ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸು ಎಂಬುದನ್ನೂ ಅದೇ ಇ-ಮೇಲ್‌ನಲ್ಲಿ ಕೇಳಬಹುದು.

ಎಲ್ಲ ದೇಶವೂ ಹೀಗೆ ಮಾಡುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಶಾಲೆಗೆ ಚೈಲ್ಡ್ ಸ್ಟೂಡೆಂಟ್ ವೀಸಾದಲ್ಲಿ ಪ್ರವೇಶವೇ ಇಲ್ಲ; ಆ ವೀಸಾ ಖಾಸಗಿ ಶಾಲೆಗೆ ಮಾತ್ರ. ಅಮೆರಿಕದಲ್ಲಿ 1996ರ ಕಾನೂನಿನಿಂದ, ಎಫ್-1 ವೀಸಾದವರು ಸರ್ಕಾರಿ ಹೈಸ್ಕೂಲಿನಲ್ಲಿ ಹೆಚ್ಚೆಂದರೆ ಹನ್ನೆರಡು ತಿಂಗಳು ಓದಬಹುದು, ಅದೂ ಪೂರ್ತಿ ಖರ್ಚು ಕಟ್ಟಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ವ್ಯಾಪಾರ ನಡೆಸುವುದು ಬಿಡಿ ಶಾಲೆಯಲ್ಲ, ಹಲವು ಶಾಲೆಗಳಿರುವ ಜಿಲ್ಲೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಶುಲ್ಕ ನಿಗದಿ ಮಾಡುವುದೂ ವಸೂಲಿ ಮಾಡುವುದೂ ರಾಜ್ಯದ ಶಿಕ್ಷಣ ಇಲಾಖೆ. ನನ್ನ ಮನಸ್ಸು ಈ ಕೊನೆಯದರ ಕಡೆಗೇ ವಾಲುತ್ತದೆ. ಹಣ ಮೊದಲು ಒಂದು ಕಡೆ ಸೇರಿದರೆ ಅದರಲ್ಲಿ ಒಂದು ಪಾಲನ್ನು ವಿದೇಶಿ ಮಗು ಎಂದೂ ಕಾಲಿಡದ ಶಾಲೆಗೆ ಕೊಡುವ ಮಾತಾದರೂ ಎತ್ತಬಹುದು. ಮಕ್ಕಳನ್ನು ಕರೆತರಲು ದುಡಿದದ್ದು ನಾವು, ಪಾಲು ಯಾಕೆ ಕೊಡಬೇಕು ಎಂದು ರಂಗಿಟೋಟೊದಂಥ ಶಾಲೆ ಕೇಳಿದರೆ ಆ ಪ್ರಶ್ನೆ ಅನ್ಯಾಯದ್ದೇನಲ್ಲ. ಆದರೆ ಬ್ರೋಷರಿನ ಮುಖಪುಟದಲ್ಲಿ ಮಾರಾಟವಾಗುವುದು ಆ ದೇಶದ ಹೆಸರು, ಅಲ್ಲಿಯ ಸುರಕ್ಷತೆ, ತೆರಿಗೆ ಹಣದಲ್ಲಿ ಕಟ್ಟಿದ ಶಾಲಾ ವ್ಯವಸ್ಥೆ. ಅದರಲ್ಲಿ ಮಾಂಗರೆಗೂ ಹಕ್ಕಿದೆ.

ಸದ್ಯ ಅಂಥ ಚರ್ಚೆಗಿಂತ ಜೋರಾಗಿ ಕೇಳುತ್ತಿರುವುದು ಬೆಳವಣಿಗೆಯ ಮಾತು. 2025ರ ಜುಲೈನಲ್ಲಿ ನ್ಯೂಜಿಲೆಂಡ್ ಸರ್ಕಾರ ವಿದೇಶಿ ಶಿಕ್ಷಣದ ವಹಿವಾಟನ್ನು 360 ಕೋಟಿ ಡಾಲರ್‌ನಿಂದ 2034ರೊಳಗೆ 720 ಕೋಟಿಗೆ ಏರಿಸುವ ಯೋಜನೆ ಪ್ರಕಟಿಸಿತು. ಶಾಲೆ, ಕಾಲೇಜು ಎಲ್ಲ ಸೇರಿ 2024ರಲ್ಲಿ 83,700 ಇದ್ದ ದಾಖಲಾತಿ ಅಷ್ಟರಲ್ಲಿ 1,19,000 ಆಗಬೇಕು. ವಿದ್ಯಾರ್ಥಿಗಳನ್ನು ಸೆಳೆಯಲು 2025ರ ನವೆಂಬರ್‌ನಿಂದ, ಓದಿನ ಜೊತೆ ಕೆಲಸ ಮಾಡುವ ಮಿತಿಯನ್ನು ವಾರಕ್ಕೆ 20 ಗಂಟೆಯಿಂದ 25ಕ್ಕೆ ಏರಿಸಿದರು. ಹೈಸ್ಕೂಲಿನ ಕೊನೆಯ ಎರಡು ವರ್ಷದ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಡಬ್ಬಿ ಜೋಡಿಸಲು ಹೋಗುವ ಹದಿನೇಳರ ಹುಡುಗ ಅದಕ್ಕೆ ಮೊದಲು ಎರಡು ಒಪ್ಪಿಗೆ ತರಬೇಕು. ಒಂದು, ಗಡಿಯಾಚೆ ಇರುವ ಅಪ್ಪ ಅಮ್ಮನದು. ಇನ್ನೊಂದು, ಅವನ ಶಾಲೆಯದು.